ಶ್ರಾವಣದಲ್ಲಿ ಬಾರದ ಮೀನು

ಮೀನಿನ ಲೆಕ್ಕ ಬರೆದು ಸಂಬಳ ತೆಗೆದುಕೊಳ್ಳುವವಳು ನಾನು. ಆದರೆ ಈ ನಲವತ್ತೆರಡು ವರ್ಷಗಳಲ್ಲಿ ಒಂದು ಚೂರು ಮೀನನ್ನೂ ಬಾಯಿಗೆ ಇಟ್ಟವಳಲ್ಲ. ನಮ್ಮದು ಅಗ್ರಹಾರದ ಹಳೆಯ ಮನೆ. ಅಪ್ಪ ಇದ್ದಷ್ಟು ದಿನ ಬೀದಿಗೆ ತೆರೆದ ಕೋಣೆಯಲ್ಲಿ ವಿಭೂತಿ, ಊದುಬತ್ತಿ, ಕರ್ಪೂರ, ಪಂಚಾಂಗ ಮಾರುತ್ತಿದ್ದರು. ಮಠದ ಜೊತೆ ಮೂರು ತಲೆಮಾರಿನ ನಂಟು. ಅಂಥ ಮನೆಯ ಮಗಳು ಬಂಗುಡೆ, ಬೂತಾಯಿ ಎಂದು ಕಂಪ್ಯೂಟರಿನಲ್ಲಿ ಕುಟ್ಟುತ್ತ ಕೂತಿರುವುದು ನೆಂಟರಿಗೆ ಇಂದಿಗೂ ತಮಾಷೆ. "ಬರೀ ಬರೆಯೋದು ತಾನೇ? ಮುಟ್ಟೋದೇನಿಲ್ಲ ತಾನೇ?" ಎಂದು ಸೋದರತ್ತೆ ಒಮ್ಮೆ ಕೇಳಿ ಖಾತ್ರಿ ಮಾಡಿಕೊಂಡಿದ್ದರು.

ಮುಟ್ಟುವುದಿಲ್ಲ ಎಂದು ಆಗ ಹೆಮ್ಮೆಯಿಂದಲೇ ಹೇಳಿದ್ದೆ. ಆ ಹೆಮ್ಮೆಯೇ ಮುಂದೆ ನನ್ನ ಕಾಲಿಗೆ ತೊಡರಿತು.

ಈ ಬರಹ ನನ್ನ ಹೊಟ್ಟೆಕಿಚ್ಚಿನ ಕಥೆ. ನನ್ನ ಜೊತೆ ಕೆಲಸ ಮಾಡುವ, ನನಗಿಂತ ಹನ್ನೊಂದು ವರ್ಷ ಚಿಕ್ಕವಳಾದ ಒಬ್ಬಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಉರಿಯುತ್ತಿತ್ತು ಎಂದು ಬರೆದರೆ ಈಗ ಆರಿಹೋಗಿದೆ ಎಂದು ಓದಿದವರು ತಿಳಿದುಕೊಂಡಾರು. ಆರಿಲ್ಲ.

ನಮ್ಮದು ಪರಿಸರದ ಅಧ್ಯಯನ ಮಾಡುವ ಹತ್ತು ಜನರ ಸಣ್ಣ ಸಂಸ್ಥೆ. ಬಾಡಿಗೆ ಮನೆಯ ಮಹಡಿಯಲ್ಲಿ ಕಚೇರಿ. ಕಿಟಕಿ ತೆಗೆದರೆ ಕಾಣುವುದು ಚಾಮುಂಡಿ ಬೆಟ್ಟ, ಸಮುದ್ರಕ್ಕೆ ಇಲ್ಲಿಂದ ಘಟ್ಟ ಇಳಿದು ಹೋಗಬೇಕು. ಕೆಲಸ ಮಾತ್ರ ಸಮುದ್ರದ್ದು. ದಡದಿಂದ ದೂರ, ನೀರಿನೊಳಗೆ ಗಾಳಿಯಂತ್ರಗಳನ್ನು ನೆಟ್ಟು ವಿದ್ಯುತ್ ತೆಗೆಯುವ ಮಾತು ದೇಶದ ಬೇರೆ ಕರಾವಳಿಗಳಲ್ಲಿ ಆಗಲೇ ನಡೆದಿದೆ. ನಾಳೆ ನಮ್ಮ ಕರಾವಳಿಗೂ ಅದು ಬಂದರೆ ಮೀನು ಹಿಡಿದು ಬದುಕುವವರ ಗತಿಯೇನು ಎಂದು ನೋಡುವುದು ನಮಗೆ ಬಂದ ಕೆಲಸ.

ಹೊರಗಿನಿಂದ ನೋಡಿದರೆ ಸುಲಭ. ಯಂತ್ರದ ಕಂಬಗಳ ನಡುವೆ ದೊಡ್ಡ ಬೋಟುಗಳು ಬಲೆ ಎಳೆಯಲಾಗುವುದಿಲ್ಲ, ತಳದಲ್ಲಿ ಮಲಗಿದ ವಿದ್ಯುತ್ ತಂತಿಗೆ ಬಲೆ ಸಿಕ್ಕಿಕೊಂಡರೆ ಎರಡೂ ಹಾಳು. ಸುತ್ತು ಹಾಕಿ ಹೋದರೆ ಡೀಸೆಲ್ ದಂಡ. ಇನ್ನೊಂದು ಕಡೆಯವರು, ಕಂಬದ ಬುಡದಲ್ಲಿ ಪಾಚಿ ಬೆಳೆದು ಬಂಡೆಯ ಸಂದಿಯಲ್ಲಿ ಸೇರುವ ಹಾಗೆ ಮೀನು ಸೇರುತ್ತದೆ, ಅದು ಒಳ್ಳೆಯದೇ ಎನ್ನುತ್ತಾರೆ. ಎರಡೂ ನಿಜವಿರಬಹುದು. ತೊಡಕು ಇರುವುದು ಮೂರನೆಯದರಲ್ಲಿ. ಯಂತ್ರ ಬರುವ ಮೊದಲೇ ಸಮುದ್ರ ಬಿಸಿಯಾಗುತ್ತಿದೆ. ನೀರು ಕಾದ ವರ್ಷ ಬೂತಾಯಿ ದಡದ ಹತ್ತಿರ ಬರುವುದಿಲ್ಲ, ಬಂದರೂ ಬೆರಳಿನಷ್ಟೇ ಇರುತ್ತದೆ. ಹಾಗಿರುವಾಗ ನಾಳೆ ಯಂತ್ರ ನೆಟ್ಟ ಮೇಲೆ ಮೀನು ಕಡಿಮೆಯಾದರೆ ದೂರು ಯಾರ ಮೇಲೆ? ಯಂತ್ರದ ಮೇಲೋ ನೀರಿನ ಬಿಸಿಯ ಮೇಲೋ? ಇದನ್ನು ಹೇಳಬೇಕಾದರೆ ಯಂತ್ರ ಬರುವ ಮೊದಲು ಮೀನು ಹೇಗಿತ್ತು ಎಂದು ಯಾರಾದರೂ ಬರೆದಿಟ್ಟಿರಬೇಕು. ಆ ಬರೆದಿಡುವವಳು ನಾನು.

ಊರೂರು ತಿರುಗಿ ವಿವರ ತರುವವಳು ಅವಳು.

ಅವಳದು ಮೈಸೂರಿನ ಪಕ್ಕದ ಮಂಡಕಳ್ಳಿಯ ಆಚೆಯ ಹಳ್ಳಿ, ರಾಗಿ ಬೆಳೆಯುವ ಮನೆ. ತಿಂಗಳಲ್ಲಿ ಹತ್ತು ದಿನ ಕರಾವಳಿಯ ಬಂದರುಗಳಲ್ಲಿ ಇರುತ್ತಿದ್ದಳು. ಹೋಗುವಾಗ ಒಂದು ಬ್ಯಾಗು, ಬರುವಾಗ ಮೂರು. ಒಣಮೀನು, ಹಲಸಿನ ಹಪ್ಪಳ, ಯಾರೋ ಅಜ್ಜಿ ಕಟ್ಟಿಕೊಟ್ಟ ಪುನರ್ಪುಳಿ ಹಣ್ಣಿನ ಒಣಸಿಪ್ಪೆ. ಅವಳ ಫೋನು ದಿನಕ್ಕೆ ಹತ್ತು ಸಲ ಹೊಡೆದುಕೊಳ್ಳುತ್ತಿತ್ತು, ಆ ಕಡೆಯಿಂದ ಬೋಟಿನವರು ಇವತ್ತು ಏನು ಸಿಕ್ಕಿತು ಎಂದು ತಾವಾಗಿಯೇ ಹೇಳುತ್ತಿದ್ದರು. ನಾನು ಎರಡು ಸಲ ಅದೇ ಬಂದರಿಗೆ ಹೋಗಿದ್ದೆ. ಮೊದಲ ಸಲ ಹರಾಜು ನಡೆಯುವ ಜಾಗದಲ್ಲಿ ಕರ್ಚೀಫು ಮೂಗಿಗೆ ಹಿಡಿದುಕೊಂಡು ನಿಂತಿದ್ದನ್ನು ನೋಡಿ ಮೀನು ಮಾರುವ ಹೆಂಗಸರೆಲ್ಲ ನಕ್ಕರು. ಎರಡನೆಯ ಸಲ ಊಟಕ್ಕೆ ಕರೆದರು, ನಾನು ಬಾಳೆಹಣ್ಣು ತಿಂದು ಬಂದೆ. ಆಮೇಲೆ ನನ್ನನ್ನು ಯಾರೂ ಕರೆಯಲಿಲ್ಲ.

ಅವಳು ಮಾತ್ರ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಮುಳ್ಳು ಬಿಡಿಸಿ ತಿನ್ನುತ್ತ, ತಿನ್ನುತ್ತಲೇ ಅವರ ಬಾಯಿ ಬಿಡಿಸುತ್ತಿದ್ದಳಂತೆ. ಕೇಳಿದ್ದನ್ನೆಲ್ಲ ಹಸಿರು ರಟ್ಟಿನ ಪುಸ್ತಕದಲ್ಲಿ ಬರೆದುಕೊಂಡು, ಪ್ರತಿ ಶನಿವಾರ ಟೈಪ್ ಮಾಡಿ ನಮಗೆಲ್ಲ ಕಳಿಸುತ್ತಿದ್ದಳು. ಒಂದೂವರೆ ವರ್ಷ ಆ ಟಿಪ್ಪಣಿಗಳನ್ನು ನಾನು ತೆರೆಯಲೇ ಇಲ್ಲ. ಹರಟೆಯಿಂದ ಲೆಕ್ಕ ಹುಟ್ಟುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ.

ಆ ಎರಡನೆಯ ವರ್ಷದ ಕೊನೆಗೆ ಒಂದು ಸುದ್ದಿ ಬಂತು. ಇದೇ ಕೆಲಸವನ್ನು ಇನ್ನೂ ಮೂರು ವರ್ಷ ಮುಂದುವರಿಸುವುದು, ಅದನ್ನು ನಡೆಸುವ ಹೊಣೆ ಒಬ್ಬರಿಗೇ ಕೊಡುವುದು. ನಮ್ಮ ಸಂಸ್ಥೆಯ ಮುಖ್ಯಸ್ಥರು ನಿವೃತ್ತ ಪ್ರಾಧ್ಯಾಪಕರು, ಮಾತು ಕಡಿಮೆ. ನಮ್ಮಿಬ್ಬರನ್ನೂ ಕೂರಿಸಿಕೊಂಡು, "ನಿಮ್ಮಿಬ್ಬರಲ್ಲಿ ಒಬ್ಬರು. ಬೋಟಿನವರ ಪ್ರತಿನಿಧಿಗಳು ಬರೋ ತಿಂಗಳು ಇಲ್ಲಿಗೇ ಬರ್ತಾರೆ. ಅವರ ಮುಂದೆ ವರದಿ ಮಂಡಿಸಬೇಕು. ಅದಾದ ಮೇಲೆ ತೀರ್ಮಾನ ಮಾಡೋಣ" ಎಂದರು. ನಾನು ಅಲ್ಲಿ ಒಂಬತ್ತು ವರ್ಷದಿಂದ ಇದ್ದೆ, ಅವಳು ಬಂದು ಮೂರು ವರ್ಷ. ಅವಳೂ ಒಂದು ಹೆಸರು ಎನ್ನುವುದೇ ನನಗೆ ಕೆನ್ನೆಗೆ ಹೊಡೆದಂತಾಗಿತ್ತು. ಆ ಜಾಗ ನನಗೆ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಅದು ಅವಳಿಗೆ ಸಿಗಬಾರದಿತ್ತು.

ನನ್ನ ಬಳಿ ಒಂದು ಅಸ್ತ್ರವಿತ್ತು. ಮೈಸೂರಿನ ಸಗಟು ಮೀನು ವ್ಯಾಪಾರಿಯೊಬ್ಬರ ಮನೆಯಲ್ಲಿ ಕರಾವಳಿಯಿಂದ ದಿನಾ ಯಾವ ಮೀನು ಎಷ್ಟು ಪೆಟ್ಟಿಗೆ ಬಂತು ಎಂದು ಬರೆದ ಆರು ವರ್ಷದ ಪುಸ್ತಕಗಳು ಸಿಕ್ಕಿದ್ದವು. ಬಂದರುಗಳ ಅಂಕಿಗಳು ಹತ್ತು ಕೈ ದಾಟಿ ಬರುತ್ತವೆ, ಇದು ಒಂದೇ ಕೈಯ ಬರಹ, ಒಂದು ದಿನವೂ ತಪ್ಪಿಲ್ಲ. ತಂದುಕೊಟ್ಟವಳು ಅವಳೇ, ಅದನ್ನೂ ಹೇಳಿಬಿಡಬೇಕು. ನಾನು ಹಗಲೂ ರಾತ್ರಿ ಎರಡು ವಾರ ಕೂತು ಅದನ್ನೆಲ್ಲ ಹಾಳೆಯ ಮೇಲೆ ಏರಿಳಿಯುವ ಗೆರೆಯಾಗಿ ಎಳೆದೆ.

ಗೆರೆಯಲ್ಲಿ ಒಂದು ವಿಚಿತ್ರ ಕಂಡಿತು. ಮಳೆಗಾಲದಲ್ಲಿ ಎರಡು ತಿಂಗಳು ದೊಡ್ಡ ಬೋಟುಗಳು ಸಮುದ್ರಕ್ಕೆ ಇಳಿಯುವಂತಿಲ್ಲ, ನಿಷೇಧ. ಆಗಸ್ಟ್ ಶುರುವಿನಲ್ಲಿ ಬಾಗಿಲು ತೆರೆದ ಹಾಗೆ ಎಲ್ಲರೂ ಇಳಿಯುತ್ತಾರೆ. ಆಗ ಮೈಸೂರಿಗೆ ಮೀನು ಸುರಿಯಬೇಕು. ಕೆಲವು ವರ್ಷ ಆಗಸ್ಟ್ ಮುಗಿಯುವ ಮೊದಲೇ ಸುರಿದಿತ್ತು. ಎರಡು ವರ್ಷ ಮಾತ್ರ ಸೆಪ್ಟೆಂಬರ್ ಬಂದು ಎಷ್ಟೋ ದಿನವಾದರೂ ಪೆಟ್ಟಿಗೆಗಳೇ ಇಲ್ಲ, ಆಮೇಲೆ ಇದ್ದಕ್ಕಿದ್ದಂತೆ ಗುಡ್ಡದಷ್ಟು. ತಡವಾದ ಆ ಎರಡು ವರ್ಷಗಳಲ್ಲೂ ಸಮುದ್ರದ ನೀರು ಹೆಚ್ಚು ಕಾದಿತ್ತು. ನಾನು ಕುರ್ಚಿಯಿಂದ ಎದ್ದು ನಿಂತೆ. ನೀರು ಬಿಸಿಯಾದರೆ ಮೀನಿನ ಋತುವೇ ಮುಂದಕ್ಕೆ ಜಾರುತ್ತದೆ! ಹರಟೆಯಿಲ್ಲ, ಒಣಮೀನಿಲ್ಲ, ಅಗ್ರಹಾರದವಳು ಊರು ಬಿಟ್ಟು ಕದಲದೆ ಸಮುದ್ರದ ಗುಟ್ಟು ಹಿಡಿದಿದ್ದಳು.

ಮುಖ್ಯಸ್ಥರು ಗೆರೆಯನ್ನು ಬಹಳ ಹೊತ್ತು ನೋಡಿದರು. "ಇದು ನಿಜವಾದರೆ ದೊಡ್ಡ ವಿಷಯ. ಬೋಟಿನವರ ಮುಂದೆ ನೀವೇ ಮಂಡಿಸಿ" ಎಂದರು. ಅವಳು ಪಕ್ಕದಲ್ಲೇ ಇದ್ದಳು. "ಚೆನ್ನಾಗ್ ಮಾಡಿದ್ದೀರ ಅಕ್ಕ" ಎಂದಳು. ಆ ಮಾತು ಕೇಳಿ ನನಗೆ ಹಬ್ಬದೂಟ ಉಂಡಷ್ಟು ತೃಪ್ತಿಯಾಯಿತು. ಅವಳ ಮುಖದಲ್ಲಿ ಸ್ವಲ್ಪ ಬೇಸರ ಕಂಡಿದ್ದರೆ ಇನ್ನೂ ತೃಪ್ತಿಯಾಗುತ್ತಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಅವಳು ನಮ್ಮ ಮನೆಗೆ ಬಂದಳು. ಅದಕ್ಕೆ ಮೊದಲು ಒಮ್ಮೆಯೂ ಬಂದವಳಲ್ಲ. ಕೈಯಲ್ಲಿ ಅವರ ಹೊಲದ ಅವರೆಕಾಯಿಯ ಚೀಲ, ಬಗಲಲ್ಲಿ ನನ್ನ ಗೆರೆಯ ಹಾಳೆ. ಅಮ್ಮ ಅವಳನ್ನು ನೇರವಾಗಿ ಅಡುಗೆಮನೆಗೆ ಕರೆದುಕೊಂಡು ಹೋಗಿ ಮಣೆ ಹಾಕಿದರು. ಸೊಗಡಿನ ಅವರೆಕಾಯಿ ನೋಡಿದರೆ ಅಮ್ಮನಿಗೆ ಕುಲಗೋತ್ರ ಮರೆತುಹೋಗುತ್ತದೆ. ಮೂವರೂ ಕಾಯಿ ಸುಲಿಯುತ್ತ ಕೂತೆವು.

"ಅಕ್ಕ, ಒಂದ್ಮಾತು. ಬೇಜಾರ್ ಮಾಡ್ಕೋಬಾರ್ದು" ಎಂದಳು.

"ಹೇಳು."

"ಇದು ಸಮುದ್ರದ ಬಿಸಿ ಅಲ್ಲ ಕಣಕ್ಕ. ಇದು ಶ್ರಾವಣ."

ನನಗೆ ಅರ್ಥವಾಗಲಿಲ್ಲ. ಅವಳು ಹಾಳೆಯನ್ನು ನೆಲದ ಮೇಲೆ ಹರಡಿದಳು. "ಶ್ರಾವಣ ಬಂದ್ರೆ ನಮ್ ಕಡೆ ಯಾರೂ ಮೀನು ಮಾಂಸ ಮುಟ್ಟಲ್ಲ. ನಮ್ಮವ್ವ ಮೀನಿನ್ ಮಡಕೇನೇ ಅಟ್ಟಕ್ಕೆ ಏರಿಸ್ಬುಡ್ತಾಳೆ. ತಿನ್ನೋರೇ ಇಲ್ದಿದ್ಮೇಲೆ ಮೈಸೂರಿಗೆ ಲಾರಿ ಯಾಕ್ ಬತ್ತದೆ? ಬೋಟ್ನೋರು ಹಿಡ್ದಿದ್ದನ್ನ ಬೇರೆ ಕಡೆಗೆ ಕಳಿಸ್ತಾರೆ. ಸಮುದ್ರದಲ್ಲಿ ಮೀನು ಅಂಗೇ ಐತೆ, ನಮ್ ತಟ್ಟೇಲಿ ಇಲ್ಲ ಅಷ್ಟೆ." ಆಮೇಲೆ ಗುಡ್ಡದಂತೆ ಏರಿದ ಜಾಗದ ಮೇಲೆ ಬೆರಳಿಟ್ಟಳು. "ಇದು ಪಿತೃಪಕ್ಷ. ಎಡೆ ಇಡ್ಬೇಕಲ್ಲ? ನಮ್ ತಾತನಿಗೆ ಮೀನು ಅಂದ್ರೆ ಪ್ರಾಣ. ಎಡೆಗೆ ಮೀನಿನ್ ಸಾರು ಆಗ್ಲೇಬೇಕು."

ನಾನು ಬಿಡಲಿಲ್ಲ. "ಶ್ರಾವಣ ಪ್ರತಿ ವರ್ಷ ಬರುತ್ತೆ. ಎರಡೇ ವರ್ಷ ಯಾಕೆ ತಡ?" ಎಂದು ಕೇಳಿದೆ. ಸ್ವರ ಸ್ವಲ್ಪ ಜೋರಾಗಿಯೇ ಇತ್ತು.

ಉತ್ತರ ಹೇಳಿದವರು ಅಮ್ಮ. ಅವರೆಕಾಳು ಬಟ್ಟಲಿಗೆ ಹಾಕುತ್ತಲೇ, "ಶ್ರಾವಣ ಒಂದೇ ತಾರೀಖಿಗೆ ಬರುತ್ತೇನೇ? ವರ್ಷವರ್ಷವೂ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತೆ. ಅಧಿಕ ಮಾಸ ಬಿದ್ರೆ ಒಂದೇ ಸಲ ಮುಂದಕ್ಕೆ ಹೋಗುತ್ತೆ. ಪಂಚಾಂಗ ಮಾರಿದ ಮನೆ ಮಗಳು ನೀನು" ಎಂದರು.

ದೇವರ ಕೋಣೆಯ ಅಟ್ಟದಲ್ಲಿ ಹಳೆಯ ಪಂಚಾಂಗಗಳಿದ್ದವು. ಅಪ್ಪ ಹೋದ ಮೇಲೂ ಅಮ್ಮ ಪ್ರತಿ ಯುಗಾದಿಗೆ ಒಂದು ಕೊಂಡು, ವರ್ಷ ಮುಗಿದರೆ ಅಪ್ಪನವುಗಳ ಮೇಲೆ ಜೋಡಿಸುತ್ತಾರೆ. ಸ್ಟೂಲು ಹತ್ತಿ ಆರನ್ನೂ ಇಳಿಸಿಕೊಟ್ಟರು. ಅವಳು ಒಂದೊಂದೇ ತೆರೆದು ಶ್ರಾವಣದ ಮೊದಲ ದಿನ, ಕೊನೆಯ ದಿನ ಓದಿದಳು. ನಾನು ಗೆರೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿದೆ. ಆರಕ್ಕೆ ಆರೂ ಸರಿಯಾಗಿ ಕೂತವು. ತಡವಾದ ಎರಡು ವರ್ಷಗಳಲ್ಲೂ ಅಧಿಕ ಮಾಸದ ದೆಸೆಯಿಂದ ಶ್ರಾವಣವೇ ತಡವಾಗಿ ಬಂದಿತ್ತು. ನೀರು ಬಿಸಿಯಾಗಿದ್ದದ್ದು ಕಾಕತಾಳೀಯ.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ನನ್ನ ಕೂಸು ತಲೆಯ ಮೇಲೆ, ಅಟ್ಟದಲ್ಲಿತ್ತು. ಶ್ರಾವಣ ನನಗೆ ಗೊತ್ತಿಲ್ಲದ್ದೇ? ಮಠದಲ್ಲಿ ತಿಂಗಳಿಡೀ ಪುರಾಣ, ಸೋಮವಾರದ ಪೂಜೆ, ಬಿಲ್ವಪತ್ರೆ, ಎಲ್ಲ ಗೊತ್ತು. ಆದರೆ ಅದು ಮಾಂಸ ಬಿಡುವ ತಿಂಗಳು ಎಂಬುದು ಕೇಳಿದ್ದರೂ ತಲೆಗೆ ಬಂದಿರಲಿಲ್ಲ. ವರ್ಷವಿಡೀ ಶ್ರಾವಣವೇ ಇರುವ ಮನೆಯಲ್ಲಿ ಶ್ರಾವಣ ಬಂದದ್ದು ಅಡುಗೆಮನೆಗೆ ತಿಳಿಯುವುದಿಲ್ಲ. ನಮ್ಮ ಅಟ್ಟಕ್ಕೆ ಏರುವ ಮಡಕೆಯಿಲ್ಲ.

"ಹೋದ್ವರ್ಷನೇ ಟಿಪ್ಪಣೀಲಿ ಬರ್ದಿದ್ದೆ ಅಕ್ಕ. ಬೋಟಿನ ಅಜ್ಜ ಒಬ್ರು ಹೇಳಿದ್ರು. ನೀವು ನೋಡಿರ್ಲಿಲ್ವೇನೋ."

"ನೋಡಿದ್ದೆ. ಮರೆತಿದ್ದೆ" ಎಂದೆ. ಅದು ಮೊದಲ ಸುಳ್ಳು.

ಅವಳು ಹೊರಡುವ ಮುಂಚೆ ಇನ್ನೊಂದು ಮಾತು ಹೇಳಿದಳು. ಅವರ ಊರಲ್ಲಿ ರಸ್ತೆಗೆಂದು ಜಮೀನು ತೆಗೆದುಕೊಂಡಾಗ ಅಳೆಯಲು ಬಂದವರು ಕೊಯ್ಲು ಮುಗಿದ ಮೇಲೆ ಬಂದರಂತೆ. ಬರೀ ಕೂಳೆ ನೋಡಿ, ಇಲ್ಲಿ ಏನೂ ಬೆಳೆಯುವುದಿಲ್ಲ ಎಂದು ಬರೆದುಕೊಂಡು ಹೋದರಂತೆ. ಆಮೇಲೆ ಎಷ್ಟು ಅಲೆದರೂ ಆ ಬರಹ ಬದಲಾಗಲಿಲ್ಲ. "ನಾವು ಈಗ ಬಿಸಿಗೆ ಮೀನು ಕಮ್ಮಿಯಾಗೈತೆ ಅಂತ ಬರ್ದುಬುಟ್ರೆ, ನಾಳೆ ಯಂತ್ರ ನೆಟ್ಟೋರು ಅದನ್ನೇ ತೋರಿಸ್ತಾರೆ. ಮೊದ್ಲೇ ಕಮ್ಮಿ ಇತ್ತು, ನಮ್ದೇನೂ ಇಲ್ಲ ಅಂತಾರೆ. ಅದಕ್ಕೇ ಬಂದೆ. ಸರ್‌ಗೆ ನಾನೇನೂ ಹೇಳಿಲ್ಲ. ನೀವೇ ಹೇಳ್ಬುಡಿ" ಎಂದಳು. ಅವಳು ಓಣಿ ದಾಟುವವರೆಗೂ ಅಮ್ಮ ಬಾಗಿಲಲ್ಲಿ ನಿಂತಿದ್ದರು. "ಚಿನ್ನದಂಥ ಹುಡುಗಿ" ಎಂದರು. ನನಗೆ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ನನ್ನ ಅಡುಗೆಮನೆ, ನನ್ನ ಪಂಚಾಂಗ, ನನ್ನ ಅಮ್ಮ. ಅವಳು ಒಂದು ಚೀಲ ಅವರೆಕಾಯಿ ಹಿಡಿದು ಬಂದು ಮೂರನ್ನೂ ಗೆದ್ದುಕೊಂಡು ಹೋಗಿದ್ದಳು.

ಸೋಮವಾರ ಅವಳು ಕಚೇರಿಯಲ್ಲಿ ಇರಲಿಲ್ಲ. ಬೋಟಿನವರನ್ನು ಕರೆತರುವ ಏರ್ಪಾಡಿಗೆ ಕರಾವಳಿಗೆ ಹೋಗಿದ್ದಳು. ನಾನು ಮುಖ್ಯಸ್ಥರ ಕೋಣೆಗೆ ಹೋಗಿ, ಮೊದಲ ಗೆರೆ ತಪ್ಪು, ಇದು ಶ್ರಾವಣ ಎಂದು ಎಲ್ಲ ವಿವರಿಸಿದೆ. ಪಂಚಾಂಗಗಳನ್ನೂ ಮೇಜಿನ ಮೇಲಿಟ್ಟೆ. ಅವರ ಕಣ್ಣು ಅರಳಿತು.

"ಇದು ಹೇಗೆ ಹೊಳೀತು?"

ಆ ಕ್ಷಣ ನನಗೆ ಚೆನ್ನಾಗಿ ನೆನಪಿದೆ. ಕಿಟಕಿಯಾಚೆ ಬೆಟ್ಟದ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಅವಳು ಹೇಳಿದ್ದು ಎನ್ನಲು ಎರಡೇ ಪದ ಸಾಕಿತ್ತು. "ಮನೇಲಿ ಪಂಚಾಂಗ ನೋಡ್ತಾ ಇದ್ದೆ ಸರ್. ಥಟ್ಟನೆ ಹೊಳೀತು" ಎಂದೆ.

"ಅಗ್ರಹಾರದ ಮನೆಯವರಿಗೇ ಇದು ಹೊಳೆಯೋಕೆ ಸಾಧ್ಯ" ಎಂದು ಅವರು ಮೆಚ್ಚಿದರು. ತಪ್ಪು ಮಾಡಿದ್ದಕ್ಕೆ ಬೈಗುಳಕ್ಕೆ ಕಾದಿದ್ದೆ, ತಪ್ಪು ತಿದ್ದಿದ್ದಕ್ಕೆ ಹೊಗಳಿಕೆ ಸಿಕ್ಕಿತು. ಸಂಜೆ ಅಮ್ಮ, "ಆ ಹುಡುಗಿ ಹೇಳಿದ್ದು ಅಂತ ಅವರಿಗೆ ತಿಳಿಸಿದೆಯಾ?" ಎಂದು ಕೇಳಿದರು. "ತಿಳಿಸಿದೆ" ಎಂದೆ. ಅದು ಮೂರನೆಯ ಸುಳ್ಳು. ಲೆಕ್ಕದವಳಲ್ಲವೇ, ಎಣಿಸುವ ಅಭ್ಯಾಸ.

ನಿಜ ಹೇಳಬೇಕೆಂದರೆ ಶ್ರಾವಣವನ್ನು ತೆಗೆದಿಟ್ಟ ಮೇಲೆ ಲೆಕ್ಕ ಇನ್ನೂ ಚೆನ್ನಾಯಿತು. ಬಿಸಿಯ ಗುರುತು ಸಂಪೂರ್ಣ ಮಾಯವಾಗಲಿಲ್ಲ. ಕಾದ ವರ್ಷಗಳಲ್ಲಿ ಪೆಟ್ಟಿಗೆಗಳ ಸಂಖ್ಯೆ ಅಷ್ಟೇ ಇದ್ದರೂ ಬೂತಾಯಿ ಇಳಿದು, ಬೇರೆ ಮೀನು ಏರಿತ್ತು. ಅಂದರೆ ಕಾಲ ಜಾರಿರಲಿಲ್ಲ, ಬಲೆಗೆ ಬೀಳುವ ಜಾತಿ ಬದಲಾಗುತ್ತಿತ್ತು. ಇದು ಬೋಟಿನವರಿಗೆ ನಿಜವಾಗಿ ಬೇಕಾದ ವಿಷಯ. ಬೂತಾಯಿಗೆ ದಡದ ಹತ್ತಿರ ಹೋದರೆ ಸಾಕು, ಬೇರೆ ಮೀನಿಗೆ ದೂರ ಹೋಗಬೇಕು. ದೂರದ ನೀರಿನಲ್ಲೇ ಯಂತ್ರ ನೆಡುವುದು. ಬಿಸಿಯೂ ಯಂತ್ರವೂ ಒಂದೇ ಜಾಗದಲ್ಲಿ ಅವರನ್ನು ಅಡ್ಡಗಟ್ಟುತ್ತವೆ ಎಂದು ಮೊದಲ ಸಲ ಕಂಡಿತು. ಅದನ್ನು ಕಂಡವಳು ನಾನೇ. ಅಷ್ಟು ನನ್ನದು. ಆದರೆ ಕದ್ದ ಒಡವೆಯ ಪಕ್ಕದಲ್ಲಿಟ್ಟ ಸ್ವಂತ ಒಡವೆಗೂ ಬೆಲೆ ಕಡಿಮೆಯಾಗುತ್ತದೆ.

ಬೋಟಿನವರು ಐದು ಜನ ಬಂದರು. ಅವಳೇ ಬಸ್ ನಿಲ್ದಾಣದಿಂದ ಕರೆತಂದಳು. ಬರುತ್ತಲೇ ಅವರ ನಗು ಮೆಟ್ಟಿಲ ಮೇಲೆ ಕೇಳುತ್ತಿತ್ತು. ಅವರಲ್ಲಿ ಎಲ್ಲರಿಗಿಂತ ಹಿರಿಯರೊಬ್ಬರು, ಬಿಳಿ ಪಂಚೆ, ಬಿಸಿಲಿಗೆ ಸುಟ್ಟ ಮುಖ. ಕಾಫಿ ಲೋಟ ಹಿಡಿದು ಮುಂದಿನ ಸಾಲಿನಲ್ಲಿ ಕೂತರು. ಅವಳು ಎಲ್ಲರ ಹಿಂದೆ, ನೀರಿನ ಕ್ಯಾನಿನ ಪಕ್ಕ ಕೂತಳು.

ನಾನು ಗೋಡೆಯ ಮೇಲೆ ಗೆರೆ ತೋರಿಸಿ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಶ್ರಾವಣದ ಭಾಗ ಬಂದಾಗ ಸ್ವಲ್ಪ ನಾಟಕೀಯವಾಗಿ ನಿಲ್ಲಿಸಿ, "ಈ ತಗ್ಗು ಯಾಕೆ ಬಂತು ಅಂತ ಬಹಳ ದಿನ ನಮಗೂ ತಿಳಿದಿರಲಿಲ್ಲ. ಕೊನೆಗೆ ನನಗೆ ಪಂಚಾಂಗ ನೋಡುವಾಗ ಹೊಳೆಯಿತು" ಎಂದೆ. ಮುಖ್ಯಸ್ಥರು ತಲೆದೂಗಿದರು.

ಹಿರಿಯರು ಲೋಟ ಕೆಳಗಿಟ್ಟರು. "ಹೊಳಿಯುದೆಂತ ಉಂಟು ಮಾರಾಯ್ರೆ ಇದರಲ್ಲಿ? ಶ್ರಾವಣದಲ್ಲಿ ನಿಮ್ಮ ಮೈಸೂರಿಗೆ ಲಾರಿ ಹೋಗುದೇ ಇಲ್ಲ. ನಾನೇ ಹೇಳಿದ್ದೆ ಅಲ್ವಾ ಈ ಅಮ್ಮನಿಗೆ, ಹೋದ ವರ್ಷ? ಹಸಿರು ಪುಸ್ತಕದಲ್ಲಿ ಬರ್ಕೊಂಡ್ರು, ನನಗೆ ಓದಿಯೂ ತೋರಿಸಿದ್ರು" ಎಂದು ಹಿಂದಕ್ಕೆ ತಿರುಗಿ ಅವಳನ್ನು ನೋಡಿದರು.

ಮುಖ್ಯಸ್ಥರು ನನ್ನನ್ನು ನೋಡಿದರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಾನಿಯಲ್ಲಿ ಬಿದ್ದಿತ್ತು.

ಅವಳು ಕೂತಲ್ಲಿಂದಲೇ ಹೇಳಿದಳು: "ಹೌದು ಅಜ್ಜ, ನೀವ್ ಹೇಳಿದ್ರಿ, ನಾನ್ ಬರ್ಕೊಂಡೆ. ಆದ್ರೆ ಬರ್ಕೊಂಡಿದ್ದು ಅಷ್ಟೆ. ಆರು ವರ್ಷದ ಲೆಕ್ಕದ ಮೇಲೆ ಪಂಚಾಂಗ ಇಟ್ಟು ಗುರುತು ಹಾಕಿದ್ದು ಅಕ್ಕನೇ."

ಪೆನ್ಸಿಲು ಹಿಡಿದಿದ್ದವಳು ನಾನು, ಆ ಅರ್ಥದಲ್ಲಿ ಅದು ಸುಳ್ಳೂ ಅಲ್ಲ. ಮುಖ್ಯಸ್ಥರ ಮುಖ ಸಡಿಲವಾಯಿತು. ನಾನು ಬಚಾವಾದೆ. ಅವಳು ಆಗ ನನ್ನ ಮಾನ ತೆಗೆದಿದ್ದರೆ ಅವಳನ್ನು ದ್ವೇಷಿಸಿಕೊಂಡು ನೆಮ್ಮದಿಯಾಗಿ ಇರಬಹುದಿತ್ತು. ಮಾನ ಉಳಿಸಿದಳು. ಆ ಹೊತ್ತು ನನಗೆ ಕೃತಜ್ಞತೆ ಬರಲಿಲ್ಲ, ಬಂದದ್ದು ಹೊಟ್ಟೆಕಿಚ್ಚು. ಇಷ್ಟು ಒಳ್ಳೆಯತನ ಅವಳ ಕೈಗೆ ಎಷ್ಟು ಸಲೀಸಾಗಿ ಬರುತ್ತದಲ್ಲ ಎಂದು.

ಕೊನೆಗೆ ಹಿರಿಯರು ಕೇಳಿದರು: "ಇನ್ನು ಮೂರು ವರ್ಷ ನಮ್ಮ ಜೊತೆ ಇರುದು ಯಾರು?" ಮುಖ್ಯಸ್ಥರು ಇನ್ನೂ ತೀರ್ಮಾನಿಸಿಲ್ಲ ಎಂದರು. "ಈ ಅಮ್ಮ ಆದ್ರೆ ಬೋಟಿಗೆ ಹತ್ತಿಸಿಕೊಳ್ತೇವೆ" ಎಂದು ಅವರು ಹಿಂದಿನ ಸಾಲಿಗೆ ಕೈ ತೋರಿಸಿದರು. ನನ್ನ ಕಡೆ ತಿರುಗಿ, ನೋಯಿಸುವ ಉದ್ದೇಶ ಒಂದಿಷ್ಟೂ ಇಲ್ಲದೆ, "ನೀವು ಲೆಕ್ಕ ಚಂದ ಮಾಡ್ತೀರಿ. ನೀವು ಇಲ್ಲೇ ಕೂತು ಮಾಡಿ ಅಮ್ಮ" ಎಂದರು. ತೀರ್ಮಾನ ಅಲ್ಲಿಗೇ ಆಗಿಹೋಯಿತು.

ಮಧ್ಯಾಹ್ನ ಅವರನ್ನೆಲ್ಲ ಬೆಟ್ಟಕ್ಕೆ ಕರೆದುಕೊಂಡು ಹೋದೆವು. ಚಾಮುಂಡಿಯ ದರ್ಶನ ಮುಗಿಸಿ ಹೊರಗೆ ಕಟ್ಟೆಯ ಮೇಲೆ ಕೂತಾಗ ಎಲ್ಲರೂ ಅವಳ ಸುತ್ತ. ಯಾರೋ ಸೌತೆಕಾಯಿ ಕೊಂಡು ಹಂಚಿದರು, ನನಗೂ ಒಂದು ಹೋಳು ಬಂತು. ತಾಯಿಯ ಮುಂದೆ ನಾನು ಬೇಡಿದ್ದೇನು ಗೊತ್ತೇ? ಅವಳಿಗೆ ಬೋಟಿನಲ್ಲಿ ವಾಂತಿ ಬರಲಿ ಎಂದು. ನಲವತ್ತು ದಾಟಿದ ಹೆಂಗಸು, ಗರ್ಭಗುಡಿಯ ಮುಂದೆ ಕೈಮುಗಿದು ಬೇಡಿದ್ದು ಅದನ್ನು. ತಾಯಿ ಕೊಡಲಿಲ್ಲ. ಅವಳು ಈಗ ದೋಣಿಯ ಮೂತಿಯಲ್ಲಿ ಕಾಲು ಚಾಚಿ ಕೂತು ಫೋಟೊ ಕಳಿಸುತ್ತಾಳೆ, ಹಿಂದೆ ಬರೀ ನೀರು. ಅವಳ ಶನಿವಾರದ ಟಿಪ್ಪಣಿಗಳನ್ನು ಈಗ ಒಂದೂ ಬಿಡದೆ ಓದುತ್ತೇನೆ. ಓದಿದಷ್ಟೂ ಲೆಕ್ಕ ಸರಿಯಾಗುತ್ತದೆ, ಹೊಟ್ಟೆಯೂ ಉರಿಯುತ್ತದೆ.

ಈ ವರ್ಷ ವರದಿ ಅಚ್ಚಾಗಿ ಬಂತು. ಮೊದಲ ಪುಟದಲ್ಲಿ ಅವಳ ಹೆಸರು, ಕೆಲಸ ನಡೆಸಿದವಳು ಎಂದು. ನಡುವೆ ನನ್ನ ಗೆರೆ. ಗೆರೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ: ಶ್ರಾವಣ ಮಾಸದಲ್ಲಿ ಮೀನಿನ ಆವಕ ಇಳಿಯುವುದನ್ನು ಪಂಚಾಂಗದ ನೆರವಿನಿಂದ ಗುರುತಿಸಿದವರು ಎಂದು, ಮುಂದೆ ನನ್ನ ಹೆಸರು. ನೂರಾರು ಪುಟದ ವರದಿಯಲ್ಲಿ ನನ್ನ ಹೆಸರು ಇರುವುದು ಅಲ್ಲಿ ಒಂದೇ ಕಡೆ. ಬೂತಾಯಿ ಇಳಿದು ದೂರದ ಮೀನು ಏರಿದ್ದನ್ನು ಕಂಡವಳು ನಾನು ಎಂದು ಎಲ್ಲಿಯೂ ಇಲ್ಲ. ಯಾಕೆಂದರೆ ಅದನ್ನು ನಾನು ಯಾರ ಮುಂದೆಯೂ ನನ್ನದೆಂದು ಹೇಳಿಕೊಂಡಿರಲಿಲ್ಲ.

ಅವಳಿಗೆ ಫೋನು ಮಾಡಿದೆ. "ಆ ಟಿಪ್ಪಣಿ ಮುಂದಿನ ಅಚ್ಚಿನಲ್ಲಿ ತೆಗೆಸಿಬಿಡು" ಎಂದೆ.

"ಯಾಕಕ್ಕ? ನೀವೇ ತಾನೇ ಮೀಟಿಂಗಲ್ಲಿ ಹೇಳಿದ್ದು, ನಂಗೆ ಹೊಳೀತು ಅಂತ?"

ಚುಚ್ಚಿ ಹೇಳಿದಳೋ ಮುಗ್ಧವಾಗಿ ಹೇಳಿದಳೋ ನನಗೆ ಇಂದಿಗೂ ಗೊತ್ತಿಲ್ಲ. ಹಿಂದೆ ಇಂಜಿನ್ ಸದ್ದು ಜೋರಾಗಿತ್ತು. ಆಗಲೂ ನಿಜ ಹೇಳಬಹುದಿತ್ತು. "ಹಾಗಾದ್ರೆ ಇರಲಿ" ಎಂದು ಫೋನು ಇಟ್ಟೆ.

ವರದಿಯನ್ನು ಮನೆಗೆ ತಂದು ಊಟದ ಮೇಜಿನ ಮೇಲಿಟ್ಟಿದ್ದೆ. ಅಮ್ಮ ಕನ್ನಡಕ ಹಾಕಿಕೊಂಡು ಪುಟ ತಿರುವುತ್ತ ಹೋದರು. ಮೀನಿನ ಚಿತ್ರ ಬಂದಲ್ಲಿ ಬೇಗ ತಿರುವಿದರು. ಗೆರೆಯ ಪುಟ ಬಂದಾಗ ನಿಂತರು. ಸಣ್ಣ ಅಕ್ಷರವನ್ನು ಬೆರಳಿಟ್ಟು ಓದಿದರು.

"ಆ ಹುಡುಗಿ ಹೆಸರೆಲ್ಲಿದೆ?"

"ಮೊದಲ ಪುಟದಲ್ಲೇ ಇದೆಯಲ್ಲಮ್ಮ, ದೊಡ್ಡದಾಗಿ."

ಅಮ್ಮ ಮೊದಲ ಪುಟಕ್ಕೆ ತಿರುಗಲಿಲ್ಲ. ಬೆರಳನ್ನು ನನ್ನ ಹೆಸರಿನ ಮೇಲಿಂದ ತೆಗೆಯಲೂ ಇಲ್ಲ.

"ಅಲ್ಲಿ ಕೇಳಲಿಲ್ಲ ಕಣೇ" ಎಂದರು. "ಇಲ್ಲಿ."